ಮುದ್ರೆ ಹಾಕಿದ ಕೈಯನ್ನು ಕಾಯುವ ಹೊಣೆ ಯಾರದು?

2005ನೆಯ ಇಸವಿ ನವೆಂಬರ್ 19ರ ರಾತ್ರಿ. ಮೂರು ದಿನಗಳಿಂದ ಮಗನ ಸುದ್ದಿಯಿಲ್ಲವೆಂದು ಕಳವಳಗೊಂಡ ತಂದೆಯೊಬ್ಬರು ಮೊಬೈಲಿನಲ್ಲಿ ‘ಹೇಗಿದ್ದೀಯ’ ಎಂದು ಒಂದೇ ಮಾತು ಬರೆದು ಕಳಿಸಿದರು. ಉತ್ತರ ಬರಲಿಲ್ಲ. ಅದೇ ರಾತ್ರಿ ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯ ಗೋಲಾ ಗೋಕರ್ಣನಾಥವೆಂಬ ಊರಿನಲ್ಲಿ ಆ ಮಗನನ್ನು ಗುಂಡಿಟ್ಟು ಕೊಂದಿದ್ದರು. ಹೆಣವನ್ನು ಅವನದೇ ಕಾರಿನ ಹಿಂದಿನ ಸೀಟಿನಲ್ಲಿ ಹಾಕಿಕೊಂಡು, ಪಕ್ಕದ ಸೀತಾಪುರ ಜಿಲ್ಲೆಯತ್ತ ಸಾಗಿಸುತ್ತಿದ್ದಾಗ ಗಸ್ತಿನ ಪೋಲೀಸರು ತಡೆದು ನಿಲ್ಲಿಸಿದರು. ಕಾರಿನಲ್ಲಿದ್ದವರು ಅವನು ಮುದ್ರೆ ಹಾಕಿಸಿದ್ದ ಪೆಟ್ರೋಲ್ ಬಂಕಿನ ಆಳುಗಳು.

ಸತ್ತವನು ನಮ್ಮ ನಾಡಿನ ಹುಡುಗ. ಕೋಲಾರದ ಚಿನ್ನದ ಗಣಿಯ ಊರಿನ ಸಾಮಾನ್ಯ ಮನೆತನದ ಮಂಜುನಾಥ್ ಷಣ್ಮುಗಂ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಲಖನೌದ ಐ.ಐ.ಎಂ.ನಲ್ಲಿ ಆಡಳಿತದ ಪದವಿ ಪಡೆದು, ಇಂಡಿಯನ್ ಆಯಿಲ್ ಕಾರ್ಪೊರೇಷನ್ನಿನಲ್ಲಿ ಮಾರಾಟದ ಅಧಿಕಾರಿಯಾಗಿ ಸೇರಿದ್ದ. ವಯಸ್ಸು 27. ಕಲಬೆರಕೆ ಎಣ್ಣೆ ಮಾರುತ್ತಿದ್ದ ಬಂಕಿಗೆ ಮುದ್ರೆ ಹಾಕಿಸಿದ. ತಿಂಗಳೊಂದು ಕಳೆಯುವಷ್ಟರಲ್ಲಿ ಅದೇ ಬಂಕು ಮತ್ತೆ ವ್ಯಾಪಾರ ಹೂಡಿತು. ‘ನೋಡಿಬರೋಣ’ ಎಂದು ಹೋದವನು ತಿರುಗಿ ಬರಲಿಲ್ಲ.

ಇಷ್ಟು ವರ್ಷಗಳ ಮೇಲೆ ಈ ಕಥೆಯನ್ನು ಏಕೆ ಕೆದಕುತ್ತೀರಿ ಎಂದು ಕೇಳುವವರಿದ್ದಾರೆ. ಕೊಂದವರಿಗೆ ಶಿಕ್ಷೆಯಾಗಲಿಲ್ಲವೇ, ಸುಪ್ರೀಂ ಕೋರ್ಟಿನವರೆಗೂ ಹೋಗಿ ತೀರ್ಮಾನವಾಗಲಿಲ್ಲವೇ ಎಂದು ವಾದಿಸುವವರಿದ್ದಾರೆ. ಆಯಿತು, ನಿಜ. ಆದರೆ ಗುಂಡು ಹೊಡೆದವನಿಗೆ ಶಿಕ್ಷೆಯಾದ ಮಾತ್ರಕ್ಕೆ ಸತ್ತವನ ಮನೆಯವರ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಸಿಕ್ಕಿಲ್ಲವೆಂಬುದು ನಮ್ಮ ವಾದ. ಉತ್ತರ ಹೇಳಬೇಕಾದವರು ಕಟಕಟೆಯಲ್ಲಿ ನಿಲ್ಲಲೇ ಇಲ್ಲ. ಅವರು ಕಚೇರಿಗಳಲ್ಲಿ ಕುಳಿತಿದ್ದರು.

ಮೊದಲು ಈ ಕಲಬೆರಕೆಯ ಲೆಕ್ಕವನ್ನು ನೋಡೋಣ. ಆಗ ಪಡಿತರ ಚೀಟಿಯ ಮೇಲೆ ಕೊಡುತ್ತಿದ್ದ ಸೀಮೆಎಣ್ಣೆ ದೆಹಲಿಯ ದರದಲ್ಲಿ ಲೀಟರಿಗೆ ಸುಮಾರು 9 ರೂಪಾಯಿ. ಡೀಸೆಲ್ಲಿನ ದರ 30 ರೂಪಾಯಿಯ ಆಸುಪಾಸು. ಪೆಟ್ರೋಲಿನದು ಅದಕ್ಕಿಂತಲೂ ಹೆಚ್ಚು. ಒಂಬತ್ತರ ಎಣ್ಣೆಯನ್ನು ಮೂವತ್ತರ ಎಣ್ಣೆಯಲ್ಲಿ ಬೆರೆಸಿದರೆ ಲೀಟರಿಗೆ ಎಷ್ಟು ಉಳಿಯುತ್ತದೆಂಬುದನ್ನು ಮೂರನೆಯ ಇಯತ್ತೆಯ ಹುಡುಗನೂ ಹೇಳಿಯಾನು. ಹೀಗೆ ಬೆರೆಸಲು ಸೀಮೆಎಣ್ಣೆ ಎಲ್ಲಿಂದ ಬರಬೇಕು? ಬಡವನ ಬುಡ್ಡಿದೀಪದಿಂದ ಬರಬೇಕು, ಅವನ ಮನೆಯ ಸ್ಟೌವಿನಿಂದ ಬರಬೇಕು. ಪಡಿತರದ ಸೀಮೆಎಣ್ಣೆಯಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿದ್ದು ಹಾದಿ ತಪ್ಪಿ ಕಾಳಸಂತೆಗೆ ಹೋಗುತ್ತಿದೆಯೆಂದು 2005ರಲ್ಲಿ ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿಯ ಅಧ್ಯಯನವೇ ಹೇಳಿತ್ತು. ಡಬ್ಬ ಹಿಡಿದು ನ್ಯಾಯಬೆಲೆ ಅಂಗಡಿಯ ಮುಂದೆ ಸಾಲು ನಿಂತು, ‘ಈ ತಿಂಗಳು ಬಂದಿಲ್ಲ’ವೆಂಬ ಮಾತು ಕೇಳಿ ಬರಿಗೈಯಲ್ಲಿ ತಿರುಗಿದ ತಾಯಂದಿರು ನಮ್ಮ ಓದುಗರ ಮನೆಗಳಲ್ಲೇ ಇದ್ದಾರೆ. ಬಾರದ ಎಣ್ಣೆ ಎಲ್ಲಿಗೆ ಹೋಯಿತೆಂಬುದನ್ನು ಪತ್ತೆ ಹಚ್ಚಹೋದ ಒಬ್ಬನ ಕಥೆಯಿದು.

ಸಣ್ಣ ವ್ಯಾಪಾರಸ್ಥರಿಗೂ ಒಂದು ಮಾತು ಹೇಳಬೇಕು. ಇನ್‌ಸ್ಪೆಕ್ಟರನೆಂದರೆ ನಮ್ಮ ಅಂಗಡಿಗಳಲ್ಲಿ ಮುಖ ಸಿಂಡರಿಸುವುದು ರೂಢಿ. ಮಾಮೂಲಿಗೆ ಕೈಯೊಡ್ಡುವವರನ್ನು ನೋಡಿ ನೋಡಿ ಹಾಗಾಗಿದೆ. ತಪ್ಪಲ್ಲ. ಆದರೆ ಮಾಮೂಲು ಮುಟ್ಟದ ಅಧಿಕಾರಿಯೊಬ್ಬ ಬಂದರೆ ಯಾರಿಗೆ ಲಾಭ? ಸರಿಯಾದ ತೂಕದಲ್ಲಿ, ಸರಿಯಾದ ಮಾಲು ಮಾರುವವನಿಗೆ ಲಾಭ. ಕಲಬೆರಕೆ ಮಾಡುವವನು ಎರಡು ರೂಪಾಯಿ ಕಡಿಮೆಗೆ ಮಾರಿ ಪಕ್ಕದ ಪ್ರಾಮಾಣಿಕ ಅಂಗಡಿಯವನ ಬಾಗಿಲು ಮುಚ್ಚಿಸುತ್ತಾನೆ. ಆದ್ದರಿಂದ ಕಳ್ಳ ಮಾಲಿಗೆ ಬಿದ್ದ ಮುದ್ರೆ ನಿಮ್ಮ ತಕ್ಕಡಿಗೆ ಸಿಕ್ಕ ರಕ್ಷಣೆ. ಆ ಮುದ್ರೆ ಹಾಕಿದ ಕೈಯನ್ನು ಕಡಿದರೆ ನಷ್ಟ ನಿಮ್ಮದೇ.

ಇನ್ನು ಮೊಕದ್ದಮೆಯ ಮಾತು. 2007ರ ಮಾರ್ಚ್ 26ರಂದು ಲಖೀಂಪುರ ಖೇರಿಯ ಸೆಷನ್ಸ್ ಕೋರ್ಟು ಬಂಕಿನ ಮಾಲೀಕನ ಮಗನಿಗೆ ಮರಣದಂಡನೆಯನ್ನೂ ಉಳಿದ ಏಳು ಮಂದಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. 2009ರ ಡಿಸೆಂಬರಿನಲ್ಲಿ ಹೈಕೋರ್ಟು ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು, ಇಬ್ಬರನ್ನು ಬಿಟ್ಟಿತು. 2015ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಉಳಿದ ಆರು ಮಂದಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಗುಂಡು ಹಾರಿದ ರಾತ್ರಿಯಿಂದ ಕೊನೆಯ ತೀರ್ಪಿನವರೆಗೆ ಒಂಬತ್ತು ವರ್ಷ ನಾಲ್ಕು ತಿಂಗಳು. ಕೋಲಾರದ ತಂದೆತಾಯಿ ಉತ್ತರ ಪ್ರದೇಶದ ಕೋರ್ಟಿನ ವಾಯಿದೆಗಳನ್ನು ಲೆಕ್ಕ ಹಾಕುತ್ತ ಕಳೆದ ಒಂಬತ್ತು ವರ್ಷ!

ಅಷ್ಟಾದರೂ ಆಯಿತೆಂದರೆ ಅದರಲ್ಲಿ ಮಂಜುನಾಥನ ಜೊತೆಯವರ ಪಾಲು ದೊಡ್ಡದು. ಐ.ಐ.ಎಂ.ಗಳಲ್ಲಿ ಓದಿದವರು ಒಟ್ಟುಗೂಡಿ ಅವನ ಹೆಸರಿನಲ್ಲಿ ಒಂದು ಟ್ರಸ್ಟು ಕಟ್ಟಿದರು. ಮೊಕದ್ದಮೆ ಹಳ್ಳ ಹಿಡಿಯದಂತೆ ಬೆನ್ನು ಹತ್ತಿದರು. ಪತ್ರಿಕೆಗಳು ಮರೆಯದಂತೆ ನೋಡಿಕೊಂಡರು. ಅವರಿಗೆ ನಮ್ಮ ನಮಸ್ಕಾರ. ಆದರೆ ಒಂದು ಪ್ರಶ್ನೆ. ದೇಶದ ಅತಿ ದೊಡ್ಡ ವಿದ್ಯಾಸಂಸ್ಥೆಯ ಗೆಳೆಯರಿಲ್ಲದ ಮನೆಯವರ ಗತಿಯೇನು? 2023ರ ಜೂನಿನಲ್ಲಿ ನಮ್ಮದೇ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲೂಕಿನಲ್ಲಿ, ಅಕ್ರಮವಾಗಿ ಮರಳು ಸಾಗಿಸುತ್ತಿದ್ದ ಟ್ರ್ಯಾಕ್ಟರನ್ನು ತಡೆಯಹೋದ ಹೆಡ್ ಕಾನ್‌ಸ್ಟೇಬಲನ ಮೇಲೆ ಆ ಟ್ರ್ಯಾಕ್ಟರನ್ನೇ ಹಾಯಿಸಿದರು. ಆತ ಸತ್ತ. ಆತನ ಹೆಂಡತಿ ಮಕ್ಕಳಿಗಾಗಿ ಟ್ರಸ್ಟು ಕಟ್ಟುವ ಸಹಪಾಠಿಗಳು ಎಲ್ಲಿಂದ ಬರಬೇಕು? ನ್ಯಾಯವೆಂಬುದು ಸತ್ತವನ ಗೆಳೆಯರ ವಿದ್ಯೆಯನ್ನು ನೋಡಿ ಬರುವ ನೆಂಟನಾಗಬಾರದು.

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಕೋರ್ಟು ಕೇಳಿದ್ದು ಒಂದೇ ಪ್ರಶ್ನೆ: ಕೊಂದವರಾರು? ಅದು ಕೋರ್ಟಿನ ಕೆಲಸ. ಅದನ್ನು ಅದು ಮಾಡಿತು. ಆದರೆ ಮಗನನ್ನು ಕಳೆದುಕೊಂಡ ಮನೆಯಲ್ಲಿ ಬೇರೆ ಪ್ರಶ್ನೆಗಳು ಹುಟ್ಟುತ್ತವೆ. ಮುದ್ರೆ ಬಿದ್ದ ಬಂಕು ಮತ್ತೆ ತೆರೆದದ್ದು ಹೇಗೆ? ಅದಕ್ಕೆ ಯಾವ ಮೇಜಿನ ಮೇಲೆ ಯಾರ ಸಹಿ ಬಿತ್ತು? ಲಕ್ಷಾಂತರ ರೂಪಾಯಿಯ ಕಳ್ಳ ವ್ಯಾಪಾರ ನಡೆಯುವ ಜಾಗಕ್ಕೆ 27 ವರ್ಷದ ಹುಡುಗನೊಬ್ಬ ಒಂಟಿಯಾಗಿ, ತನ್ನ ಕಾರಿನಲ್ಲಿ, ಒಬ್ಬ ಪೇದೆಯೂ ಜೊತೆಗಿಲ್ಲದೆ ಹೋಗಬೇಕಾಗಿ ಬಂದದ್ದೇಕೆ? ಆ ಜಿಲ್ಲೆಯ ಬಂಕುಗಳ ಯೋಗ್ಯತೆ ಮೇಲಿನವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದರೆ ಏನು ಮಾಡಿದರು? ಗೊತ್ತಿರದಿದ್ದರೆ ಅವರಿಗೆ ಸಂಬಳ ಏತಕ್ಕೆ? ಈ ಪ್ರಶ್ನೆಗಳಿಗೆ ಪೀನಲ್ ಕೋಡಿನಲ್ಲಿ ಸೆಕ್ಷನ್ ಇಲ್ಲ. ಸೆಕ್ಷನ್ ಇಲ್ಲವೆಂದ ಮಾತ್ರಕ್ಕೆ ಉತ್ತರ ಕೊಡಬೇಕಾದ ಹೊಣೆ ಇಲ್ಲವೇ?

ನಾವು ಕೆಲವು ವರ್ಷ ಶಾಲಾ ಮೇಷ್ಟರಾಗಿದ್ದವರು. ಚುನಾವಣೆ ಬಂತೆಂದರೆ ನಮ್ಮಂಥವರಿಗೆ ಒಂದು ಆರ್ಡರು ಬರುತ್ತಿತ್ತು. ಇಂಥ ದಿನ, ಇಂಥ ಊರಿನ ಮತಗಟ್ಟೆಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಶಿಸ್ತಿನ ಕ್ರಮ ಜರುಗಿಸಲಾಗುವುದು. ಮೇಷ್ಟರ ಹೊಣೆಯೇನು, ತಪ್ಪಿದರೆ ಮೇಷ್ಟರಿಗೇನು ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿರುತ್ತಿತ್ತು. ಆದರೆ ಊರಿನ ಪುಢಾರಿ ಮತಪೆಟ್ಟಿಗೆಗೆ ಕೈ ಹಾಕಿದಾಗ ಮೇಷ್ಟರು ಅಡ್ಡ ನಿಂತು ಪೆಟ್ಟು ತಿಂದರೆ ಹೊಣೆ ಯಾರದೆಂದು ಯಾವ ಸಾಲಿನಲ್ಲೂ ಇರುತ್ತಿರಲಿಲ್ಲ. ಒಮ್ಮೆ ಆ ಕಾಗದವನ್ನು ಹಿಂದುಮುಂದು ತಿರುಗಿಸಿ ನೋಡಿ, ಹಿರಿಯ ಮೇಷ್ಟರೊಬ್ಬರನ್ನು ಕೇಳಿದೆವು. ಅವರು ನಕ್ಕು, ‘ಅದು ಬೇರೆ ಕಾಗದದಲ್ಲಿ ಬರುತ್ತದಪ್ಪ, ಸಂತಾಪ ಸೂಚನೆಯ ಕಾಗದದಲ್ಲಿ’ ಎಂದರು. ಆ ನಗು ಇವತ್ತಿಗೂ ನಮ್ಮ ಕಿವಿಯಲ್ಲಿದೆ.

ಮೇಜಿನ ಹೊಣೆ ಎಂದು ನಾವು ಏತಕ್ಕೆ ಹೇಳುತ್ತಿದ್ದೇವೆಂಬುದು ಇನ್ನೊಬ್ಬ ಅಧಿಕಾರಿಯ ಕಥೆಯಿಂದ ತಿಳಿಯುತ್ತದೆ. ಬಿಹಾರದ ಸಿವಾನ್ ಜಿಲ್ಲೆಯ ಸತ್ಯೇಂದ್ರ ದುಬೆ ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಇಂಜಿನಿಯರ್. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದಲ್ಲಿ, ನಾಲ್ಕು ಮಹಾನಗರಗಳನ್ನು ಕೂಡಿಸುವ ಹೆದ್ದಾರಿಯ ಕೆಲಸದ ಮೇಲಿದ್ದರು. ಅಲ್ಲಿನ ಕಂತ್ರಾಟಿನ ಅಕ್ರಮಗಳನ್ನು ಕಂಡು 2002ರ ನವೆಂಬರಿನಲ್ಲಿ ಪ್ರಧಾನಮಂತ್ರಿಗಳಿಗೆ ಕಾಗದ ಬರೆದರು. ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೇಳಿಕೊಂಡರು. ಏನಾಯಿತು? ಆ ಕಾಗದ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ, ಮಂತ್ರಾಲಯದಿಂದ ಪ್ರಾಧಿಕಾರಕ್ಕೆ, ಷರಾಗಳನ್ನು ಹೊತ್ತುಕೊಂಡು ಮೆರವಣಿಗೆ ಹೊರಟಿತು. ವರ್ಷ ತುಂಬಿದ ಮೇಲೆ, 2003ರ ನವೆಂಬರ್ 27ರ ನಸುಕಿನಲ್ಲಿ, ಗಯಾ ನಗರದಲ್ಲಿ ರೈಲಿನಿಂದಿಳಿದು ರಿಕ್ಷಾದಲ್ಲಿ ಮನೆಗೆ ಹೋಗುತ್ತಿದ್ದ ದುಬೆಯವರನ್ನು ಗುಂಡಿಟ್ಟು ಕೊಂದರು. ವಯಸ್ಸು ಮೂವತ್ತು.

ದೇಶವೆಲ್ಲ ಕೂಗೆಬ್ಬಿಸಿದ್ದರಿಂದ ಸಿ.ಬಿ.ಐ. ತನಿಖೆಯಾಯಿತು. ಇದು ಸುಲಿಗೆಗಾಗಿ ನಡೆದ ಕೊಲೆ, ಕಂತ್ರಾಟುದಾರರಿಗೂ ಇದಕ್ಕೂ ಸಂಬಂಧವಿಲ್ಲವೆಂದು ಸಿ.ಬಿ.ಐ. ಹೇಳಿತು. 2010ರ ಮಾರ್ಚಿನಲ್ಲಿ ಮೂವರಿಗೆ ಜೀವಾವಧಿ ಶಿಕ್ಷೆಯಾಯಿತು. ಸಾಮಾನ್ಯವಾಗಿ ಶಿಕ್ಷೆಯಾದಾಗ ಸತ್ತವನ ಮನೆಯವರು ನಿಟ್ಟುಸಿರು ಬಿಡುತ್ತಾರೆ. ದುಬೆಯವರ ಮನೆಯವರು ಹಾಗೆ ಮಾಡಲಿಲ್ಲ. ನಿಜವಾದ ತಪ್ಪಿತಸ್ಥರು ಇವರಲ್ಲವೆಂಬುದೇ ಅವರ ಮಾತಾಗಿತ್ತು. ಅವರ ಶಂಕೆ ಸರಿಯೋ, ಸಿ.ಬಿ.ಐ.ನ ತೀರ್ಮಾನ ಸರಿಯೋ ಎಂದು ತೀರ್ಪು ಕೊಡಲು ನಾವು ನ್ಯಾಯಾಧೀಶರಲ್ಲ. ಆದರೆ ಒಂದು ಸಂಗತಿಯಲ್ಲಿ ಶಂಕೆಗೆ ಎಡೆಯೇ ಇಲ್ಲ. ಗುಟ್ಟಾಗಿಡಿ ಎಂದವನ ಹೆಸರು ಬಯಲಾಯಿತು. ಬಯಲು ಮಾಡಿದ್ದು ದೇಶದ ಅತಿ ಎತ್ತರದ ಕಚೇರಿಗಳ ಕಡತ. ಕೊಲೆ ಯಾರೇ ಮಾಡಿರಲಿ, ಈ ತಪ್ಪು ತಪ್ಪೇ. ಇದಕ್ಕೆ ಹೊಣೆಯಾದವನ ಹೆಸರನ್ನು ಆ ಮನೆಯವರಿಗೆ ಹೇಳಬೇಕಿತ್ತು. ರಿಕ್ಷಾದ ಮೇಲೆ ಬಿದ್ದ ಪುಂಡರನ್ನು ಹುಡುಕಿದಷ್ಟು ಆಸ್ಥೆಯಿಂದ ಷರಾ ಬರೆದ ಲೇಖಣಿಗಳನ್ನು ಹುಡುಕಿದ್ದುಂಟೇ?

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ಸರ್ಕಾರಗಳ ಹಳೆಯ ಚಾಳಿ. ದುಬೆಯವರು ಸತ್ತ ಮೇಲೆ, ಸುಪ್ರೀಂ ಕೋರ್ಟು ಗದರಿಸಿದ ಮೇಲೆ, 2004ರಲ್ಲಿ ಕೇಂದ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿ, ಅಕ್ರಮಗಳನ್ನು ತಿಳಿಸುವವರ ದೂರುಗಳನ್ನು ಕೇಂದ್ರ ಜಾಗೃತ ಆಯೋಗ ಸ್ವೀಕರಿಸಬೇಕೆಂದಿತು. ಮಂಜುನಾಥ ಸತ್ತ ಮೇಲೆ, 2006ರಲ್ಲಿ, ಕಲಬೆರಕೆ ಪತ್ತೆಯಾಗಲೆಂದು ಸೀಮೆಎಣ್ಣೆಗೆ ಗುರುತಿನ ದ್ರವ್ಯ ಬೆರೆಸುವ ಪದ್ಧತಿ ಬಂತು. ಎರಡು ಮೂರು ವರ್ಷಗಳಲ್ಲೇ ಅದನ್ನು ಕೈಬಿಟ್ಟರು. ಆಮೇಲೆ, 2011ರ ಜನವರಿ 25ರಂದು, ಗಣರಾಜ್ಯ ದಿನದ ಹಿಂದಿನ ದಿನ, ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ಮನಮಾಡದ ಬಳಿ ಎಣ್ಣೆಯ ಕಳ್ಳತನವನ್ನು ಹಿಡಿಯಹೋದ ಅಪರ ಜಿಲ್ಲಾಧಿಕಾರಿ ಯಶವಂತ ಸೋನವಣೆಯವರನ್ನು ಎಣ್ಣೆ ಸುರಿದು ಜೀವಂತ ಸುಟ್ಟರು. ಮತ್ತೆ ಕೂಗು, ಮತ್ತೆ ಹಾರ, ಮತ್ತೆ ಭಾಷಣ.

ಕೊನೆಗೆ ಪಾರ್ಲಿಮೆಂಟು ಒಂದು ಕಾಯಿದೆಯನ್ನೇ ಮಾಡಿತು. ಅಕ್ರಮ ಬಯಲಿಗೆಳೆಯುವವರನ್ನು ರಕ್ಷಿಸುವ ಕಾಯಿದೆ. 2014ರ ಮೇ ತಿಂಗಳಿನಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ದೂರು ಕೊಟ್ಟವನ ಹೆಸರನ್ನು ಬಯಲು ಮಾಡಿದವನಿಗೆ ಸಜೆಯುಂಟೆಂದು ಅದರಲ್ಲಿ ಬರೆದಿದೆ. ಅಂಕಿತ ಬಿದ್ದರೆ ಸಾಲದು, ಇಂಥ ದಿನದಿಂದ ಜಾರಿಗೆ ಬರುತ್ತದೆಂದು ಸರ್ಕಾರ ಗೆಜೆಟ್ಟಿನಲ್ಲಿ ಒಂದು ಸಾಲು ಪ್ರಕಟಿಸಬೇಕು. ಆ ಒಂದು ಸಾಲು ಇಂದಿನವರೆಗೂ ಬಂದಿಲ್ಲ. ಅಂಕಿತಕ್ಕೆ ಮೊದಲು ಮಸೂದೆ ತಂದ ಪಕ್ಷ ಒಂದು, ಅಂಕಿತವಾದ ಮೇಲೆ ಗದ್ದುಗೆ ಏರಿದ ಪಕ್ಷ ಇನ್ನೊಂದು. ಜಾರಿ ಮಾಡುವ ಬದಲು 2015ರಲ್ಲಿ ಕಾಯಿದೆಯನ್ನು ಸಡಿಲಿಸುವ ತಿದ್ದುಪಡಿ ಮಸೂದೆಯನ್ನು ತಂದರು. ಅದೂ ಅರ್ಧದಲ್ಲಿ ಬಿದ್ದುಹೋಯಿತು. ನಾಮಕರಣವಾಗಿ ತೊಟ್ಟಿಲಿಗೇ ಹಾಕದ ಕೂಸಿನಂತೆ ಆ ಕಾಯಿದೆ ಕಪಾಟಿನಲ್ಲಿ ಬಿದ್ದಿದೆ.

ಇಷ್ಟೆಲ್ಲ ಓದಿದ ಗಿರಣಿಯ ಮಿತ್ರರೊಬ್ಬರು ನಮ್ಮನ್ನು ಕೇಳಬಹುದು: ‘ಮೇಷ್ಟ್ರೇ, ಅಧಿಕಾರಿಗಳ ಸಾವಿಗೆ ನಾವೇಕೆ ಅಳಬೇಕು? ನಾವು ಸತ್ತರೆ ಅವರು ಅಳುತ್ತಾರೆಯೇ?’ ನ್ಯಾಯವಾದ ಪ್ರಶ್ನೆ. ಮುಷ್ಕರದ ದಿನ ಗೇಟಿನ ಮುಂದೆ ಲಾಠಿ ಬೀಸುವವನೂ ಅಧಿಕಾರಿಯೇ, ನಮ್ಮ ಅರ್ಜಿಯನ್ನು ಮೂಲೆಗೆ ಎಸೆಯುವವನೂ ಅಧಿಕಾರಿಯೇ. ಅವರೆಲ್ಲರಿಗಾಗಿ ಅಳಿರೆಂದು ನಾವು ಹೇಳುವುದಿಲ್ಲ. ಆದರೆ ಸ್ವಲ್ಪ ಯೋಚಿಸಿ. ಯಂತ್ರಕ್ಕೆ ಕೈ ಸಿಕ್ಕಿ ಕೆಲಸಗಾರನೊಬ್ಬ ಸತ್ತಾಗ ಅವನ ಹೆಂಡತಿಗೆ ಮ್ಯಾನೇಜರು ಏನು ಹೇಳುತ್ತಾನೆ? ‘ಆಗಬಾರದ್ದು ಆಯಿತಮ್ಮ, ದೈವೇಚ್ಛೆ. ಇಗೋ ಪರಿಹಾರ, ಇಲ್ಲಿ ಹೆಬ್ಬೆಟ್ಟು ಒತ್ತು.’ ಪರಿಹಾರದ ಕಾಯಿದೆ 1923ರಲ್ಲೇ ಬಂತು. ಅದು ಬೇಡವೆಂದು ಯಾರೂ ಹೇಳುವುದಿಲ್ಲ, ಒಲೆ ಉರಿಯಬೇಕಲ್ಲ. ಆದರೆ ಆ ಯಂತ್ರಕ್ಕೆ ಕಾಪು ಏಕಿರಲಿಲ್ಲ, ಕಾಪು ಬೇಕೆಂದು ಕೆಲಸಗಾರರು ಹೇಳಿದ್ದು ಯಾರ ಕಿವಿಗೆ ಬಿದ್ದಿತ್ತು ಎಂದು ಆ ಹೆಣ್ಣುಮಗಳು ಕೇಳಿದರೆ ಎಲ್ಲರ ಮುಖವೂ ಕಪ್ಪಿಡುತ್ತದೆ. ‘ದುಡ್ಡು ಕೊಟ್ಟೆವಲ್ಲ!’

ದೊಡ್ಡ ಅಧಿಕಾರಿಯ ತಾಯಿಗೂ ಇದೇ ಮಾತು, ಕೂಲಿಯ ಹೆಂಡತಿಗೂ ಇದೇ ಮಾತು. ಒಬ್ಬರಿಗೆ ಶಾಲು ಹಾರಗಳೊಂದಿಗೆ ಹೇಳುತ್ತಾರೆ, ಇನ್ನೊಬ್ಬರಿಗೆ ಗೇಟಿನ ಹೊರಗೆ ನಿಲ್ಲಿಸಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಪರಿಹಾರದ ಹಣ ಸತ್ತವನ ಸಂಬಳಕ್ಕೆ ಬದಲು. ಅದು ಪ್ರಶ್ನೆಗೆ ಬದಲಲ್ಲ. ಹಣ ಪಡೆದವರಿಗೆ ಕೇಳುವ ಹಕ್ಕು ಹೋಯಿತೆನ್ನುವುದು ಸಾವನ್ನು ಕ್ರಯಕ್ಕೆ ಕೊಂಡಂತೆ. ಈ ರೂಢಿ ಅಧಿಕಾರಿಯ ಮನೆಯಲ್ಲಿ ಮುರಿದರೆ ನಾಳೆ ನಮ್ಮ ಮನೆಯಲ್ಲೂ ಮುರಿದೀತು. ಅಲ್ಲಿ ಉಳಿದರೆ ಇಲ್ಲಿ ಎರಡರಷ್ಟು ಉಳಿಯುತ್ತದೆ.

ಇಲಾಖೆಯ ಪರವಾಗಿ ಹೇಳುವವರ ಮಾತನ್ನೂ ಕೇಳೋಣ. ಮೇಲಧಿಕಾರಿಯನ್ನು ಪ್ರತಿಯೊಂದು ಸಾವಿಗೂ ಹೊಣೆ ಮಾಡಿದರೆ ಯಾವ ಮೇಲಧಿಕಾರಿಯೂ ತಪಾಸಣೆಗೆ ಆರ್ಡರು ಮಾಡುವುದಿಲ್ಲ, ಕಳ್ಳರಿಗೆ ಹಬ್ಬವಾಗುತ್ತದೆ ಎನ್ನುತ್ತಾರೆ. ಇದರಲ್ಲಿ ಹುರುಳಿಲ್ಲದಿಲ್ಲ. ಅಪಾಯವೇ ಇಲ್ಲದ ಕರ್ತವ್ಯ ಇಲ್ಲ. ಎಲ್ಲ ಸಾವಿಗೂ ಮೇಲಿನವನು ಅಪರಾಧಿಯಲ್ಲ. ಆದರೆ ನಾವು ಕೇಳುತ್ತಿರುವುದು ಮೇಲಧಿಕಾರಿಯ ತಲೆಯನ್ನಲ್ಲ, ಅವನ ಬಾಯಿಂದ ಉತ್ತರವನ್ನು. ಮಾಡಬೇಕಾದ್ದನ್ನು ಮಾಡಿದವನು ಹೇಳಲು ಏಕೆ ಅಂಜಬೇಕು? ಮಾಡದಿದ್ದವನು ಅಂಜಲಿ, ಅಂಜಿಕೆಯಿಂದಲಾದರೂ ಮುಂದಿನ ಹುಡುಗನ ಜೊತೆಗೆ ಇಬ್ಬರು ಪೇದೆಗಳನ್ನು ಕಳಿಸಿಯಾನು.

ಆದ್ದರಿಂದ ನಾವು ಕೇಳುವುದು ಇಷ್ಟು. ಕರ್ತವ್ಯದ ಮೇಲಿದ್ದಾಗ ಯಾವ ನೌಕರನೇ ಸಾಯಲಿ, ಅವನು ಅಧಿಕಾರಿಯಾಗಲಿ ಪೇದೆಯಾಗಲಿ, ಕೊಲೆಯ ಮೊಕದ್ದಮೆಯ ಹೊರತಾಗಿ ಇನ್ನೊಂದು ವಿಚಾರಣೆ ನಡೆಯಬೇಕು. ಅವನಿಗೆ ಬಂದ ಬೆದರಿಕೆಗಳು ಇಲಾಖೆಗೆ ತಿಳಿದಿದ್ದವೇ, ತಿಳಿದು ಏನು ಮಾಡಿದರೆಂಬುದನ್ನು ಆ ವಿಚಾರಣೆ ಹೇಳಬೇಕು. ಅದನ್ನು ಅದೇ ಇಲಾಖೆಯವರು ನಡೆಸಬಾರದು. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಗುತ್ತದೆ. ಗೊತ್ತಾದ ಅವಧಿಯೊಳಗೆ ಅದು ಮುಗಿಯಬೇಕು, ವರದಿಯ ಪ್ರತಿ ಸತ್ತವನ ಮನೆಯವರ ಕೈ ಸೇರಬೇಕು, ಅವರು ಹೇಳುವುದನ್ನು ಕೇಳದೆ ಕಡತ ಮುಚ್ಚಬಾರದು. ಕಳ್ಳ ಮಾಲನ್ನು ಹಿಡಿಯುವ, ಮುದ್ರೆ ಹಾಕುವ ಕೆಲಸಕ್ಕೆ ಯಾರನ್ನೂ ಒಂಟಿಯಾಗಿ ಕಳಿಸಬಾರದು. 2014ರ ಕಾಯಿದೆಯನ್ನು ಕಪಾಟಿನಿಂದ ಹೊರತೆಗೆದು ಜಾರಿ ಮಾಡಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಗೆಜೆಟ್ಟಿನ ಒಂದು ಸಾಲು ಸಾಕು, ಉತ್ತರ ಹೇಳುವ ಮನಸ್ಸು ಸಾಕು.

ನಮ್ಮ ಓದುಗರು ಮಾಡಬೇಕಾದ್ದೂ ಇದೆ. ನಿಮ್ಮ ಪೇಟೆಗೆ, ನಿಮ್ಮ ಗಿರಣಿಗೆ ತಪಾಸಣೆಗೆಂದು ಬಂದ ಯಾವನಾದರೂ ನೌಕರ ಮಾಮೂಲು ಮುಟ್ಟದೆ ಕೆಲಸ ಮಾಡಿದರೆ ಅವನನ್ನು ಒಂಟಿ ಬಿಡಬೇಡಿ. ಅವನಿಗೆ ಬೆದರಿಕೆ ಬಂದರೆ ಸಂಘದ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಆಡಿ, ಬರೆದು ಕಳಿಸಿ. ಹತ್ತು ಜನರಿಗೆ ಗೊತ್ತಿರುವ ಬೆದರಿಕೆಯನ್ನು ನಡೆಸುವುದು ಯಾವ ಪುಂಡನಿಗೂ ಸುಲಭವಲ್ಲ. ಲೋಕಸಭೆಯ ಸದಸ್ಯರು ಮತ ಕೇಳಲು ಬಂದಾಗ, ಆ ಒಂದು ಸಾಲು ಏಕೆ ಬಂದಿಲ್ಲ ಸ್ವಾಮೀ ಎಂದು ಕೇಳಿ.

‘ಹೇಗಿದ್ದೀಯ’ ಎಂದು ಆ ತಂದೆ ಕೇಳಿದ್ದು ಹೊತ್ತು ಮೀರಿದ ಮೇಲೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಸಾವಿರಾರು ಮೈಲಿಯಾಚೆ ಇದ್ದವರು ಮತ್ತೇನು ಮಾಡಿಯಾರು? ಆ ಮಾತನ್ನು ಹೊತ್ತಿಗೆ ಮುಂಚೆ, ಆ ಬಂಕಿನ ಬೀಗ ತೆರೆದ ದಿನವೇ, ಕೇಳಬೇಕಾದವರು ಬೇರೆಯವರಿದ್ದರು. ಅವರೇಕೆ ಕೇಳಲಿಲ್ಲವೆಂಬುದನ್ನು ಅವರು ಹೇಳಬೇಕು. ಹೇಳುವವರೆಗೂ ನಾವು ಕೇಳುತ್ತಲೇ ಇರಬೇಕು.